ಆಯುಧಪೂಜೆಗೆ ಕೂತ ವೈರುಗಳ ಸನ್ನಿಧಾನಕ್ಕೆ

ಪೆರಿಯನಾಯಕನಪಾಳ್ಯಂ
ವಿಜಯದಶಮಿ ಕಳೆದ ಮೇಲಿನ ಭಾನುವಾರ

ಇವರಿಗೆ:
ಮಾನ್ಯ ಶ್ರೀ ಎಕ್ಸ್‌ಟೆನ್ಶನ್ ಬೋರ್ಡ್ ಅವರು, ಅಧ್ಯಕ್ಷರು,
ಹಾಗೂ ಅವರ ಆಶ್ರಯದಲ್ಲಿರುವ ಸಮಸ್ತ ವೈರುಗಳು,
ಹಜಾರದ ಮಧ್ಯೆ (ಹಳೆಯ ವಿಳಾಸ: ಕಂಪ್ಯೂಟರ್ ಮೇಜಿನ ಕೆಳಗೆ, ಗೋಡೆಯ ಮೂಲೆ).

ವಿಷಯ: ತಮ್ಮ ಅಭ್ಯುದಯದ ಬಗ್ಗೆ ಹರ್ಷವನ್ನೂ ತಮ್ಮ ನಡವಳಿಕೆಯ ಬಗ್ಗೆ ಸಣ್ಣದೊಂದು ಅಸಮಾಧಾನವನ್ನೂ ತಿಳಿಸುವ ಕುರಿತು.

ಮಾನ್ಯರೇ,

ತಾವೆಲ್ಲರೂ ಒಬ್ಬರನ್ನೊಬ್ಬರು ಸುತ್ತಿಕೊಂಡು, ಬಿಗಿದಪ್ಪಿಕೊಂಡು, ಧೂಳಿನ ಬೆಚ್ಚನೆಯ ಹೊದಿಕೆ ಹೋದರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮೇಜಿನ ಮೇಲ್ಭಾಗದ ನಿವಾಸಿಗಳಾದ ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಪರೀಕ್ಷಿಸಿ ನೋಡದ ಸಂಗತಿಯನ್ನು ಬರೆದು ನನಗೆ ಅಭ್ಯಾಸವಿಲ್ಲವಾದ್ದರಿಂದ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕೆ ತಾವು ಬೇಸರಿಸಬಾರದು. ಮಂಡಿಯೂರಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ತಮ್ಮ ಜೊತೆ ಖಾಸಗಿಯಾಗಿ ಮಾತನಾಡಿದ ಸಂದರ್ಭಗಳು ಎಷ್ಟೋ ಇವೆ. ಆಗ ನಾನು ಆಡಿದ ಮಾತುಗಳು ಟಾರ್ಚಿನ ದೆಸೆಯಿಂದ ಯಾರಿಗೂ ಸ್ಪಷ್ಟವಾಗಿ ಕೇಳಿಸಲಿಲ್ಲವೆಂಬುದು ನಮ್ಮಿಬ್ಬರ ಮಾನವನ್ನೂ ಉಳಿಸಿದೆ.

ಮೊದಲಿಗೆ ತಮ್ಮ ಏಳಿಗೆಯನ್ನು ಮನಸಾರೆ ಮೆಚ್ಚಬೇಕು. ನಾವು ಈ ಮನೆಗೆ ಬಾಡಿಗೆಗೆ ಬಂದಾಗ, ಅಧ್ಯಕ್ಷರೇ, ತಾವೊಬ್ಬರೇ ಇದ್ದಿರಿ. ಬಿಳಿಯ ಮೈ, ಆರು ಸಾಕೆಟ್ಟು, ಹಣೆಯ ಮೇಲೊಂದು ಕೆಂಪು ದೀಪ, ಬೆನ್ನ ಹಿಂದೆ ಅಂಗಡಿಯವನು ಹೆಮ್ಮೆಯಿಂದ ಬಿಚ್ಚಿ ತೋರಿಸಿದ ಆ ಉದ್ದನೆಯ ಬಾಲ. ಕಂಪ್ಯೂಟರು ಬಂದಾಗ ಇಬ್ಬರು ಸೇರಿದರು. ಪ್ರಿಂಟರು ಒಬ್ಬರನ್ನು ಕರೆತಂದಿತು, ಆಮೇಲೆ ಅವರ ತಮ್ಮನನ್ನೂ ಕರೆಸಿಕೊಂಡಿತು. ವೈಫೈ ಡಬ್ಬಿಯೂ, ಅದಕ್ಕೆ ಇಂಟರ್‌ನೆಟ್ ಉಣಿಸುವ ಇನ್ನೊಂದು ಡಬ್ಬಿಯೂ ತಮ್ಮ ತಮ್ಮ ಅಡಾಪ್ಟರುಗಳ ಸಮೇತ ದಯಮಾಡಿಸಿದವು. ಯುಪಿಎಸ್ ಬಂದ ಮೇಲೆ ಕರೆಂಟು ಹೋದರೂ ತಮ್ಮ ಆಡಳಿತಕ್ಕೆ ಅಡ್ಡಿಯಿಲ್ಲದಂತಾಯಿತು. ಆರು ಸಾಕೆಟ್ಟುಗಳೂ ಭರ್ತಿಯಾದಾಗ ತಮ್ಮ ಮಗ್ಗುಲಲ್ಲಿ ಎರಡನೆಯ ಬೋರ್ಡೊಂದನ್ನು ಉಪಾಧ್ಯಕ್ಷರನ್ನಾಗಿ ಸಿಕ್ಕಿಸಲಾಯಿತು. ಒಂದು ಬೋರ್ಡಿಗೆ ಇನ್ನೊಂದು ಬೋರ್ಡನ್ನು ಸಿಕ್ಕಿಸಕೂಡದೆಂದು ನಮ್ಮ ಕಾರ್ಖಾನೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದವನು ನಾನೇ ಎಂಬ ಕ್ಷುಲ್ಲಕ ವಿಷಯವನ್ನು ಇಲ್ಲಿ ಎತ್ತುವುದು ಸೌಜನ್ಯವಲ್ಲ.

ತಮ್ಮ ಸಭೆಯಲ್ಲಿರುವ ಒಬ್ಬ ಮಹನೀಯರ ಬಗ್ಗೆ ಮಾತ್ರ ಪ್ರತ್ಯೇಕವಾಗಿ ವಿಚಾರಿಸಬೇಕಾಗಿದೆ. ಕಪ್ಪು ಮೈಯವರು, ನನ್ನ ತೋಳೆರಡರಷ್ಟು ಉದ್ದದವರು. ಅವರ ಒಂದು ತುದಿ ಸಾಮಾನ್ಯ ಪ್ಲಗ್ಗು. ಇನ್ನೊಂದು ತುದಿ, ನನ್ನ ವೃತ್ತಿಜೀವನದಲ್ಲಿ ನಾನು ಬೇರೆಲ್ಲೂ ಕಾಣದ ಆಕಾರ. ನಮ್ಮ ಮನೆಯ ಯಾವ ಯಂತ್ರಕ್ಕೂ ಅವರು ಸೇರುವುದಿಲ್ಲ. ಅವರು ಯಾವಾಗ, ಯಾರ ಜೊತೆಯಲ್ಲಿ ಬಂದರೆಂಬುದು ಯಾರಿಗೂ ನೆನಪಿಲ್ಲ. ಹಲವು ಸಲ ಅವರನ್ನು ಹಳೇ ಸಾಮಾನಿನವನಿಗೆ ಕೊಡಲು ಹೊರಟು, ಕೊಟ್ಟ ಮರುದಿನವೇ ಅವರ ಯಂತ್ರ ಎಲ್ಲಿಂದಲಾದರೂ ಎದ್ದು ಬಂದೀತೆಂಬ ಭಯದಿಂದ ವಾಪಸು ತಂದಿಟ್ಟಿದ್ದೇನೆ. ಕೆಲಸವಿಲ್ಲದೆ, ಕರೆಂಟಿಲ್ಲದೆ, ದೂರಿಲ್ಲದೆ, ಅಷ್ಟು ವರ್ಷ ತಮ್ಮ ನಡುವೆ ಮಲಗಿದ್ದ ಆ ಮಹನೀಯರ ಹೆಸರನ್ನಾದರೂ ತಾವು ತಿಳಿಸಿದ್ದರೆ ಚೆನ್ನಾಗಿತ್ತು.

ನನ್ನ ಬಗ್ಗೆ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಜವಳಿ ಯಂತ್ರಗಳಿಗೆ ಕಂಟ್ರೋಲ್ ಪ್ಯಾನೆಲ್ ಕಟ್ಟುವ ಕಾರ್ಖಾನೆಯೊಂದರಲ್ಲಿ ವೈರಿಂಗ್ ವಿಭಾಗ ನೋಡಿಕೊಳ್ಳುತ್ತೇನೆ. ನಾವು ಕಟ್ಟುವ ಪ್ಯಾನೆಲ್ಲಿನ ಬಾಗಿಲು ತೆರೆದರೆ ಪ್ರತಿಯೊಂದು ವೈರಿನ ಎರಡು ತುದಿಗೂ ನಂಬರು ಕೊರೆದ ಸಣ್ಣ ಉಂಗುರವಿರುತ್ತದೆ. ಅವೆಲ್ಲ ಶಾಲೆಯ ಕವಾಯತಿನ ಮಕ್ಕಳಂತೆ ಸಾಲಾಗಿ ಬಂದು, ಮೂಲೆಯಲ್ಲಿ ಒಟ್ಟಿಗೆ ತಿರುಗಿ, ತಂತಮ್ಮ ಜಾಗದಲ್ಲಿ ನಿಲ್ಲುತ್ತವೆ. ನೋಡಲು ಬಂದ ಗಿರಾಕಿಗಳು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅಂಥವನ ಮನೆಯ ಮೇಜಿನ ಕೆಳಗೆ ತಾವು. ಮನೆಗೆ ಬರುತ್ತೇನೆಂದ ಸಹೋದ್ಯೋಗಿಗಳನ್ನೆಲ್ಲ ನಾನು ಹೋಟೆಲಿಗೆ ಕರೆದೊಯ್ದು ಕಾಫಿ ಕುಡಿಸಿದ್ದರ ಕಾರಣ ಈಗ ತಮಗೆ ಗೊತ್ತಾಗಿರಬೇಕು.

ಆದರೆ ಮನೆಯ ಒಡತಿಯನ್ನು ಹೋಟೆಲಿಗೆ ಕರೆದೊಯ್ಯಲಾಗುವುದಿಲ್ಲ. ರಾಮಾತಾಳ್ ಅವರು ನಮ್ಮ ಮೇಲಿನ ಮಹಡಿಯಲ್ಲಿದ್ದಾರೆ. ತಲೆಮಾರುಗಳ ಹಿಂದೆಯೇ ಈ ತಮಿಳು ಸೀಮೆಗೆ ಬಂದು ನೆಲೆಸಿದ ಕನ್ನಡದ ಬೇಸಾಯಗಾರರ ಮನೆತನ. ಈಗ ಹಿತ್ತಲಿನ ಶೆಡ್ಡಿನಲ್ಲಿ ಅವರ ಮಗನ ಲೇತ್ ವರ್ಕ್‌ಶಾಪಿದೆ. ಮನೆಯೊಳಗೆ ಅವರಾಡುವುದು ಕನ್ನಡ, ಗೇಟು ದಾಟಿದರೆ ತಮಿಳು, ಓದು ಬರಹವೆಲ್ಲ ತಮಿಳಿನಲ್ಲೇ. ಒಮ್ಮೆ ನೀರಿನ ಮೋಟರಿನ ವಿಷಯ ಹೇಳಲು ಕೆಳಗೆ ಬಂದವರು ತಮ್ಮನ್ನು ಕಂಡು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತರು. “ಏನುಂಗ ಸಾರ್ ಇದು, ಪಾಂಬುಪುತ್ತಾ? ಮುಟ್ಟೆ ಇಟ್ಟು ಹಾಲು ಹುಯ್ದುಬಿಡ್ಲಾ?” ಎಂದು ಕೇಳಿದರು. ಮೊಟ್ಟೆಯಿಟ್ಟು ಹಾಲೆರೆಯಲು ಇದು ಹಾವಿನ ಹುತ್ತವಲ್ಲ, ಕಂಪ್ಯೂಟರು ಎಂದು ನಾನು ವಿವರಿಸಿದೆ. “ಕಂಪ್ಯೂಟರು ಮೇಲೆ ಇದೆ, ನನಗೆ ಕಣ್ಣು ತೆರಿಯುತ್ತೆ. ನಾನ್ ಕೇಳಿದ್ದು ಕೆಳಗಿಂದು” ಎಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಚಂದ್ರಮ್ಮ ನಕ್ಕಳು. ಅವಳು ನಕ್ಕದ್ದು ತಮ್ಮನ್ನು ನೋಡಿಯಲ್ಲ.

ಚಂದ್ರಮ್ಮನ ವಿಷಯ ಬಂದದ್ದರಿಂದ, ನನ್ನ ದೂರಿನ ತಿರುಳು ಅವಳಿಗೆ ಸಂಬಂಧಿಸಿದ್ದೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಅವಳು ತುಮಕೂರಿನ ಶಾಲೆಯೊಂದರಲ್ಲಿ ಒಂದನೆಯ ತರಗತಿಗೆ ಅಕ್ಷರ ಕಲಿಸುತ್ತಿದ್ದವಳು. ನನ್ನ ಕೆಲಸ ಇಲ್ಲಿಗೆ ಬಂದದ್ದರಿಂದ ಅವಳ ಕೆಲಸ ಅಲ್ಲಿಯೇ ಉಳಿಯಿತು. ಈ ಬಗ್ಗೆ ಅವಳು ಏನೂ ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಹೀಗಿರಲು, ಈ ವರ್ಷ ರಾಮಾತಾಳ್ ಅವರ ತಮ್ಮನ ಮಗ, ಕರುಮತ್ತಂಪಟ್ಟಿಯಲ್ಲಿ ಮಗ್ಗ ಓಡಿಸುವ ಗುರುಸಾಮಿ ಎಂಬವರು, ಲಗ್ನಪತ್ರಿಕೆ ಕೊಡಲು ಬಂದಿದ್ದಾಗ ಟೀಪಾಯಿಯ ಮೇಲಿದ್ದ ಅವಳ ಕನ್ನಡ ವಾರಪತ್ರಿಕೆಯನ್ನು ತಿರುವಿ ಹಾಕಿದರು. “ನಾವ್ ಮನೇಲಿ ಪೇಸೋದು ಇದೇನಾ ಅಕ್ಕಾ? ನಲ್ಲಾ ಉರುಂಡೆ ಉರುಂಡೆಯಾ ಇದೆ. ನಮ್ ಪಿಳ್ಳೆಗೋಳ್ಗೆ ಈ ಎಳುತ್ತು ಹೇಳ್ಕೊಡ್ತೀರಾ?” ಎಂದು ಚಂದ್ರಮ್ಮನನ್ನು ಕೇಳಿದರು. ಮನೆಯಲ್ಲಾಡುವ ಮಾತಿಗೆ ಹಾಗೆ ಉಂಡೆ ಉಂಡೆಯಾದ ಅಕ್ಷರಗಳಿವೆಯೆಂಬ ಸುದ್ದಿ ಅವರ ನೆಂಟರಿಷ್ಟರಲ್ಲಿ ಹಬ್ಬಿ, ವೆಳ್ಳಕೋಯಿಲ್ಲಿನವರೆಗೆ ಹೋಗಿ, ಹತ್ತಿಪ್ಪತ್ತು ಮಕ್ಕಳ ಒಂದು ತರಗತಿಯೇ ಕೂಡಿತು. ಊರುಗಳು ಬೇರೆ ಬೇರೆಯಾದ್ದರಿಂದ ಪಾಠ ಕಂಪ್ಯೂಟರಿನಲ್ಲಿ ನಡೆಯಬೇಕು. ಅಕ್ಷರಾಭ್ಯಾಸಕ್ಕೆ ವಿಜಯದಶಮಿಗಿಂತ ಒಳ್ಳೆಯ ದಿನವಿಲ್ಲವಾದ್ದರಿಂದ ಅಂದು ಬೆಳಿಗ್ಗೆ ಹತ್ತೂವರೆಗೆ ಮೊದಲ ಪಾಠ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಚಂದ್ರಮ್ಮ ಬೆರಳಿನಿಂದ ಅಕ್ಷರ ತಿದ್ದಿ ತೋರಿಸುವುದು, ಮೇಲಿನಿಂದ ಕ್ಯಾಮೆರಾ ಅದನ್ನು ಕಾಣಿಸುವುದು, ಆಯಾ ಮನೆಗಳಲ್ಲಿ ಮಕ್ಕಳು ತಮ್ಮ ತಟ್ಟೆಗಳಲ್ಲಿ ತಿದ್ದುವುದು, ಇದು ಏರ್ಪಾಡು.

ಅವಳು ನನ್ನಲ್ಲಿ ಕೇಳಿದ್ದು ಒಂದೇ. “ರೀ, ಆವತ್ತು ಪಾಠದ ಮಧ್ಯೆ ಯಾರದೋ ಕಾಲು ತಾಗಿ ಎಲ್ಲಾ ಆಫ್ ಆಗಬಾರದು. ಉಳಿದದ್ದು ನಾನು ನೋಡ್ಕೋತೀನಿ.” ‘ಯಾರದೋ ಕಾಲು’ ಎಂದರೆ ಈ ಮನೆಯಲ್ಲಿ ಯಾರ ಕಾಲೆಂದು ತಮಗೆ ಅನುಭವದಿಂದ ಗೊತ್ತಿದೆ.

ಆದ್ದರಿಂದಲೇ ತಮ್ಮನ್ನು ಶಿಸ್ತಿಗೆ ತರಲು ಹಬ್ಬದ ರಜೆಯನ್ನು ಆರಿಸಿಕೊಂಡೆ. ಆಯುಧಪೂಜೆಯ ಹಿಂದಿನ ದಿನ ತಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ಬಿಡಿಸಿ ಹೊರಗೆ ತೆಗೆದೆ. ತಮ್ಮ ಸಂಸಾರದೊಳಗಿನಿಂದ ಕಳೆದುಹೋಗಿದ್ದ ಬಾಚಣಿಗೆಯೂ, ಪೆನ್ನಿನ ಮುಚ್ಚಳಗಳೂ, ಒಣಗಿದ ಒಂದು ಕರಿಬೇವಿನೆಲೆಯೂ ದೊರೆತವು. ಅಡುಗೆಮನೆಯಿಂದ ಅದು ತಮ್ಮಲ್ಲಿಗೆ ಬಂದ ದಾರಿಯನ್ನು ತಾವೇ ಬಲ್ಲಿರಿ. ಮೇಜಿನ ಅಡಿಯಲ್ಲಿ ತಮಗಾಗಿ ಒಂದು ಜಾಲರಿ ತಟ್ಟೆಯನ್ನು ಸ್ಕ್ರೂ ಹಾಕಿ ಕೂರಿಸಿದೆ. ಪ್ರತಿಯೊಬ್ಬರನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಎರಡೂ ತುದಿಗೆ ಬಿಳಿಯ ಟೇಪು ಸುತ್ತಿ, ಯಾವ ಯಂತ್ರದವರೆಂದು ಅದರ ಮೇಲೆ ಅಚ್ಚುಕಟ್ಟಾಗಿ ಬರೆದು, ಉದ್ದದ ಪ್ರಕಾರ ಹಜಾರದ ನೆಲದ ಮೇಲೆ ಸಾಲಾಗಿ ಮಲಗಿಸಿದೆ. ಇನ್ನು ಜೋಡಿಸುವುದೊಂದೇ ಬಾಕಿ, ಅರ್ಧ ಗಂಟೆಯ ಕೆಲಸ ಎಂದು ಚಂದ್ರಮ್ಮನಿಗೆ ಹೇಳಿದೆ. ಆ ‘ಅರ್ಧ ಗಂಟೆ’ ಎಂಬ ಮಾತನ್ನು ದಯವಿಟ್ಟು ಗಮನದಲ್ಲಿಡಬೇಕು. ಮರುದಿನ ಬೆಳಿಗ್ಗೆ, ಕಾರ್ಖಾನೆಯ ಪೂಜೆ ಮುಗಿಸಿ ಬಂದು ಜೋಡಿಸುವುದೆಂದುಕೊಂಡು, ಹೊಸ ಬಿಳಿ ಪಂಚೆ ಉಟ್ಟು ಹೊರಟೆ.

ನಾನು ಪೂಜೆಯ ಪುರಿ, ಕಡಲೆಯ ಪೊಟ್ಟಣ ಹಿಡಿದು ಮನೆಗೆ ಬಂದಾಗ ಹಜಾರದಲ್ಲಿ ಕರ್ಪೂರದ ವಾಸನೆ.

ಮಾನ್ಯರೇ, ಇದರಲ್ಲಿ ರಾಮಾತಾಳ್ ಅವರ ತಪ್ಪು ಏನೇನೂ ಇಲ್ಲ. ಲೇತಿನ ಪೂಜೆಗೆ ಕರೆಯಲು ಕೆಳಗೆ ಬಂದವರ ಕಣ್ಣಿಗೆ ಬಿದ್ದದ್ದೇನು? ಆಯುಧಪೂಜೆಯ ಬೆಳಿಗ್ಗೆ, ತೊಳೆದು ಒರೆಸಿ, ಹಿರಿಯ ಕಿರಿಯರೆಂಬ ಕ್ರಮದಲ್ಲಿ ನೆಲದ ಮೇಲೆ ಸಾಲಾಗಿ ಇಟ್ಟ ಉಪಕರಣಗಳು. ಸೈಕಲ್ಲಿನಿಂದ ಹಿಡಿದು ಸ್ಪ್ಯಾನರಿನವರೆಗೆ ಆ ದಿನ ಹೀಗೆ ಸಾಲಾಗಿ ಕೂರಿಸುವುದು ಯಾವುದಕ್ಕೆಂದು ಈ ಸೀಮೆಯಲ್ಲಿ ಚಿಕ್ಕ ಮಗುವಿಗೂ ಗೊತ್ತು. ಗೊತ್ತಿಲ್ಲದೆ ಕೂರಿಸಿದವನು ನಾನೊಬ್ಬನೇ. “ಪರವಾಯಿಲ್ಲ ಕಣ್ಣು, ಸಾರ್‌ಗೂ ಒಸಿ ಬಕ್ತಿ ಇದೆ” ಎಂದು, ಅವರು ಅಕ್ಕರೆಯಿಂದ ‘ಕಣ್ಣು’ ಎಂದೇ ಕರೆಯುವ ಚಂದ್ರಮ್ಮನಿಗೆ ಹೇಳಿ, ಲೇತಿಗೆಂದು ಕಲಸಿಟ್ಟ ಗಂಧದಲ್ಲೇ ಪಾಲು ತಂದು, ತಮ್ಮೆಲ್ಲರನ್ನೂ ಬಾಳೆಲೆಯ ಮೇಲೆ ಕೂರಿಸಿ, ಒಬ್ಬರನ್ನೂ ಬಿಡದೆ ಮೂರೆಳೆ ವಿಭೂತಿ ಎಳೆದು, ಗಂಧವಿಟ್ಟು, ಕುಂಕುಮದ ಪೊಟ್ಟಿಟ್ಟಿದ್ದರು. ಅಧ್ಯಕ್ಷರಿಗೆ ಸೇವಂತಿಗೆಯ ಹಾರ, ಉಪಾಧ್ಯಕ್ಷರಿಗೆ ನಿಂಬೆಹಣ್ಣು. ಯಾವ ಯಂತ್ರಕ್ಕೂ ಸೇರದ ಆ ಮಹನೀಯರಿಗೂ ಭೇದವಿಲ್ಲದೆ ಒಂದು ಪೊಟ್ಟು.

ನಾನು ಬರೆದ ಟೇಪುಗಳೆಲ್ಲಿ ಎಂದು ಕೇಳಿದೆ. “ಗಾಯಕ್ಕೆ ಕಟ್ಟು ಕಟ್ಟಿದ ಮಾತಿರಿ ಇತ್ತು ಸಾರ್, ಪೂಜೇಲಿ ಅದೆಲ್ಲಾ ಯಾಕೆ ಅಂತ ಬಿಚ್ಚಿಬಿಟ್ಟೆ. ಬಿಸಾಡ್ಲಿಲ್ಲ, ಬದ್ರವಾ ಇಟ್ಟಿದೀನಿ” ಎಂದು ಒಂದು ಬಟ್ಟಲನ್ನು ಮುಂದೆ ಹಿಡಿದರು. ಹೀಗೆ, ಹೆಸರುಗಳೆಲ್ಲ ಬಟ್ಟಲಲ್ಲಿಯೂ ಹೆಸರಿನವರೆಲ್ಲ ಬಾಳೆಲೆಯ ಮೇಲೂ ಬೇರೆ ಬೇರೆಯಾಗಿ ಸುರಕ್ಷಿತವಾಗಿದ್ದವು.

ಕೂಡಲೇ ಜೋಡಿಸಿಬಿಡೋಣವೆಂದು ನಾನು ಕೈ ಚಾಚಿದೆ. ಅಷ್ಟಕ್ಕೇ ಅವರು ಕೂಗಿದ ರೀತಿಗೆ ನಾನು ಬರಿಗೈಯಲ್ಲಿ ಲೈವ್ ವೈರನ್ನು ಹಿಡಿದೆನೇನೋ ಎಂದು ಹಿತ್ತಲಿನವರೂ ಓಡಿಬಂದರು. “ಅಯ್ಯೋ ಮುಟ್ಬೇಡೀಂಗ! ಪೂಜೇಲಿ ಕೂತ ಆಯುದಾನ ನಾಳಿಕ್ಕು ಬೆಳಿಗ್ಗೆ ಮರುಪೂಜೆ ಆಗೋಗಂಟ ಎಡುಕ್ಕಬಾರದು. ನಮ್ ಲೇತೇ ನಾಳಿಕ್ಕು ಓಡೋದು. ನಿಮ್ ವಯರು ಲೇತಿಗಿಂತ ಪೆರಿಸಾ?” ಎಂದರು. ಲೇತಿಗಿಂತ ತಾವು ದೊಡ್ಡವರೆಂದು ವಾದಿಸುವ ಧೈರ್ಯ ನನಗಾಗಲಿಲ್ಲ; ತಾವೂ ನನ್ನ ಪರವಾಗಿ ಒಂದು ಮಾತು ಆಡಲಿಲ್ಲ. ನಾನು ಚಂದ್ರಮ್ಮನ ಕಡೆ ನೋಡಿದೆ. ಅವಳು ನಾಳೆಯ ಪಾಠಕ್ಕೆ ಅಕ್ಕಿ ಆರಿಸುತ್ತಿದ್ದವಳು, ತಲೆಯೆತ್ತದೆ, “ಇರಲಿ ಬಿಡ್ರಿ, ಬೆಳಿಗ್ಗೆ ಜೋಡಿಸಿದರಾಯ್ತು. ಅರ್ಧ ಗಂಟೆ ಕೆಲಸ ಅಂತ ನೀವೇ ಹೇಳಿದ್ರಲ್ಲ” ಎಂದಳು.

ವಿಜಯದಶಮಿಯ ಬೆಳಿಗ್ಗೆ ರಾಮಾತಾಳ್ ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ವೇಳೆ ನೋಡಿ, ಮೊದಲು ಲೇತಿಗೆ ಮರುಪೂಜೆ ಮಾಡಿ, ಅದನ್ನು ಒಂದು ಸುತ್ತು ಓಡಿಸಿ ಕಣ್ಣಿಗೊತ್ತಿಕೊಂಡು, ಬಂದವರಿಗೆಲ್ಲ ಕಾಫಿ ಕೊಟ್ಟು, ನಮ್ಮ ಹಜಾರಕ್ಕೆ ಇಳಿಯುವಷ್ಟರಲ್ಲಿ ಹತ್ತು ಗಂಟೆ. ಕರ್ಪೂರ ಬೆಳಗಿ, ತಮ್ಮನ್ನು ಒಂದಿಷ್ಟು ಉತ್ತರಕ್ಕೆ ಸರಿಸಿ, “ಈಗ ಎಡುತ್ತುಕೊಳ್ಳಿ ಸಾರ್, ಇನ್ಮೇಲೆ ಒಂದು ವರ್ಷಕ್ಕೆ ಕೆಟ್ಟೋಗಾದಿಲ್ಲ” ಎಂದು ಅಪ್ಪಣೆ ಕೊಟ್ಟರು. ಅಂದರೆ, ನಾನು ಹೇಳಿದ್ದ ಅರ್ಧ ಗಂಟೆ ಅಕ್ಷರಶಃ ನನ್ನ ಕೈಗೆ ಬಂತು.

ಆ ಅರ್ಧ ಗಂಟೆಯಲ್ಲಿ ತಾವು ನನ್ನೊಡನೆ ವರ್ತಿಸಿದ ಬಗೆಯನ್ನು ಮರೆಯುವುದು ಕಷ್ಟ. ತಮ್ಮಲ್ಲಿ ನಾಲ್ವರು ಅಡಾಪ್ಟರುಗಳು ಒಂದೇ ಅಚ್ಚಿನ ಕಪ್ಪು ಡಬ್ಬಿಗಳು, ತುದಿಯ ಪಿನ್ನೂ ಒಂದೇ ಗಾತ್ರ. ಆದರೆ ಹನ್ನೆರಡು ವೋಲ್ಟಿನವರ ಜಾಗದಲ್ಲಿ ಹತ್ತೊಂಬತ್ತು ವೋಲ್ಟಿನವರು ಕೂತರೆ ವೈಫೈ ಡಬ್ಬಿ ಹೊಗೆಯಾಗಿ ಹೋಗುತ್ತದೆ. ಯಾರು ಎಷ್ಟು ವೋಲ್ಟೆಂಬುದು ಅವರವರ ಬೆನ್ನ ಮೇಲೆ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದು ನಿಜ. ಗಂಧವನ್ನು ಇಟ್ಟಿದ್ದದ್ದೂ ಕರಾರುವಾಕ್ಕಾಗಿ ಅಲ್ಲಿಯೇ. ನಾನು ಉಗುರಿನಿಂದ ಕೆರೆಯಲು ಹೋದಾಗ, “ಪೊಟ್ಟು ಅಳಿಸ್ಬೇಡೀಂಗ, ಹಬ್ಬದ ದಿನ” ಎಂಬ ಮಾತು ಬೆನ್ನ ಹಿಂದಿನಿಂದ ಬಂತು. ಒಣಗಿದ ಗಂಧ ಮೆತ್ತಿದ ಪ್ಲಗ್ಗುಗಳು ಸಾಕೆಟ್ಟಿನೊಳಗೆ ಹೋಗಲು ಒಪ್ಪಲಿಲ್ಲ. ಹೋದವರು ವಿಭೂತಿಯ ಕಾರಣದಿಂದ ಕರೆಂಟಿನ ಸಂಪರ್ಕ ತೊರೆದು ವಿರಕ್ತರಾಗಿದ್ದರು. ಹೊಸ ಪಂಚೆಯನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಲುಂಗಿಯಲ್ಲಿ ಮೇಜಿನ ಕೆಳಗೆ ಅಂಗಾತ ಮಲಗಿ, ಎದೆಯ ಮೇಲೆ ತಮ್ಮ ಬಳಗವನ್ನೆಲ್ಲ ಹರಡಿಕೊಂಡು, ಕಾರ್ಖಾನೆಯಲ್ಲಿ ಫೋಟೋ ತೆಗೆಸಿಕೊಳ್ಳುವ ವೈರಿಂಗಿನ ಜವಾಬ್ದಾರಿ ಹೊತ್ತ ನಾನು ಆ ಸ್ಥಿತಿಯಲ್ಲಿದ್ದಾಗ ಚಂದ್ರಮ್ಮನ ಮೊಬೈಲು ಮೊಳಗಿತು. ಸ್ಪೀಕರಿನಲ್ಲಿ ಗುರುಸಾಮಿ. “ಅಕ್ಕಾ, ನಾವ್ ಎಲ್ಲಾರೂ ಕುಂತಾಯ್ತು. ಪಾಪ್ಪ ಕೈ ತೊಳ್ಕೊಂಡು, ಬೆರಳು ನೀಟಿಕೊಂಡು ಆಗ್ಲಿಂದ ಹಂಗೇ ಕುಂತದೆ. ಇಟ್ಲಿ ಉಣ್ಸಾಕೆ ಹೋದ್ರೂ ಬೆರಳು ಮಡಿಸ್ತಾ ಇಲ್ಲ.”

ಚಂದ್ರಮ್ಮ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಬಯ್ಯಲಿಲ್ಲ. ಅವಳು ರೇಷ್ಮೆ ಸೀರೆ ಉಟ್ಟಿದ್ದಳು. ತುಮಕೂರಿನ ಶಾಲೆಯಲ್ಲಿ ಜೂನ್ ತಿಂಗಳ ಮೊದಲ ದಿನ ಉಡುತ್ತಿದ್ದುದು ಅದೇ. “ಬಿಡ್ರಿ, ಮೊಬೈಲಲ್ಲೇ ಮಾಡ್ತೀನಿ” ಎಂದಳು. ಮೊಬೈಲಿನ ಬ್ಯಾಟರಿ ಕೆಂಪಗಾಗಿತ್ತು, ಯಾಕೆಂದರೆ ಚಾರ್ಜರೂ ರಾತ್ರಿಯೆಲ್ಲ ಪೂಜೆಯಲ್ಲಿ ಕೂತಿತ್ತು. ಆದರೆ ತಮ್ಮೆಲ್ಲರ ನಡುವೆ ಬೆಳ್ಳಗಿದ್ದವನು ಅವನೊಬ್ಬನೇ ಆದ್ದರಿಂದ ಗುರುತು ಸಿಕ್ಕಿತು. ತಮ್ಮ ಮೊದಲನೆಯ ಸಾಕೆಟ್ಟಿನಲ್ಲಿ ಸಿಕ್ಕಿಸಿದೆ, ಕೆಂಪು ದೀಪ ಹತ್ತಿತು. ಅವನ ವೈರು ಮೊಳದುದ್ದ. ಹೀಗಾಗಿ ರೇಷ್ಮೆ ಸೀರೆಯ ಮೇಡಂ ನೆಲದ ಮೇಲೆ, ತಮ್ಮ ಪಕ್ಕದಲ್ಲೇ, ಮೇಜಿನ ಕಾಲಿಗೆ ಒರಗಿ ಕೂತು, ಸ್ಟೂಲಿನ ಅಂಚಿನಿಂದ ಕೆಳಮುಖವಾಗಿ ಇಣುಕುವ ಮೊಬೈಲಿನ ಕೆಳಗೆ ಅಕ್ಕಿಯ ತಟ್ಟೆ ಇಟ್ಟುಕೊಂಡು, ಕೈ ಮುಗಿದು ಪಾಠ ಶುರು ಮಾಡಿದಳು.

ಬೆರಳಿನಿಂದ ತಿದ್ದಿದಳು. “ಬರೀ ಪಳಪಳ ಅಂತದೆ ಅಕ್ಕಾ, ಎಳುತ್ತು ತೆರಿಯಲ್ಲ” ಎಂದರು ಗುರುಸಾಮಿ. ಸ್ಟೀಲಿನ ತಟ್ಟೆ, ಬಿಳಿ ಅಕ್ಕಿ, ಕಿಟಕಿಯ ಬಿಸಿಲು. ತಟ್ಟೆ ತಿರುಗಿಸಿದಳು, ಮತ್ತೆ ತಿದ್ದಿದಳು. ವೆಳ್ಳಕೋಯಿಲ್ಲಿನಿಂದಲೂ ಯಾರೋ ಕಾಣುವುದಿಲ್ಲವೆಂದರು. ಮಕ್ಕಳು ಗಲಾಟೆ ಶುರು ಮಾಡಿದ್ದು ಕೇಳಿಸಿತು. ಅವಳು ತಿದ್ದಿದ್ದನ್ನೆಲ್ಲ ಅಂಗೈಯಿಂದ ಅಳಿಸಿ ಅಕ್ಕಿಯನ್ನು ಸಪಾಟು ಮಾಡಿದಳು. ಮಾನ್ಯರೇ, ತಮ್ಮ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಇಷ್ಟು ವರ್ಷಗಳಲ್ಲಿ ಆ ಒಂದು ಕ್ಷಣ.

ಆಗ ನನ್ನ ಕೈಯಲ್ಲಿದ್ದವರು, ಎಲ್ಲಿಗೂ ಸೇರದ ಆ ಮಹನೀಯರು. ಅವಸರದಲ್ಲಿ ಅವರನ್ನು ಮಾನಿಟರಿಗೆ ಸಿಕ್ಕಿಸಲು ಹೆಣಗುತ್ತಿದ್ದೆ. ಚಂದ್ರಮ್ಮ ಅವರನ್ನು ನನ್ನ ಕೈಯಿಂದ ಎಳೆದುಕೊಂಡಳು. ಕುರ್ಚಿಯ ಮೇಲಿದ್ದ ನನ್ನ ಹೊಸ ಪಂಚೆಯನ್ನು ಕೊಡವಿ ನೆಲಕ್ಕೆ ಹಾಸಿದಳು. ಅದರ ಮೇಲೆ ಆ ಕಪ್ಪು ವೈರನ್ನು ಬಳಸಿ, ಬಾಗಿಸಿ, ಇನ್ನೊಮ್ಮೆ ಬಳಸಿ ಬಿಟ್ಟಳು. ವರ್ಷಗಟ್ಟಲೆ ಸುರುಳಿ ಮಲಗಿದ್ದವರಿಗೆ ತಿರುವುಗಳು ಮೊದಲೇ ರೂಢಿಯಾಗಿದ್ದವು. ಅವಳು ತೋರಿಸಿದಲ್ಲಿ ಬಗ್ಗಿದರು, ಬಿಟ್ಟಲ್ಲಿ ನಿಂತರು. ಬಿಳಿಯ ಪಂಚೆಯ ಮೇಲೆ, ಹಣೆಯ ಕುಂಕುಮದ ಸಮೇತ, ಅಂಗೈ ಅಗಲದ ಒಂದು ‘ಅ’.

“ಹಾಂ, ಈಗ ತೆರಿಯುತ್ತೆ! ಪಾಪ್ಪಾ, ನೋಡು ನೋಡು” ಎಂಬ ಕೂಗು ಎದ್ದಿತು. ಕರುಮತ್ತಂಪಟ್ಟಿಯ ಪಾಪ್ಪ ಅಕ್ಕಿಯನ್ನು ಬಿಟ್ಟು ಮಗ್ಗದ ನೂಲಿನಲ್ಲಿ ‘ಅ’ ಮಾಡಿತು. ಉಳಿದ ಮನೆಗಳಲ್ಲಿ ಮಕ್ಕಳು ಟಿವಿಯ ಹಿಂದೆ, ಮಂಚದ ಕೆಳಗೆ ನುಗ್ಗಿ ವೈರುಗಳನ್ನು ಎಳೆದು ತಂದರು. ತಮ್ಮ ಬಳಗ ಎಲ್ಲರ ಮನೆಯಲ್ಲೂ ನೆಲೆಸಿರುವುದು ಆಗ ತಿಳಿಯಿತು. ವೆಳ್ಳಕೋಯಿಲ್ಲಿನ ಒಂದು ಮಗು ಫೋನಿನ ಚಾರ್ಜರನ್ನೇ ಕಿತ್ತು ಬಹಳ ಸುಂದರವಾದ ‘ಅ’ ಬರೆಯಿತು, ಸ್ವಲ್ಪ ಹೊತ್ತಿಗೆ ಆ ಮನೆ ಪರದೆಯಿಂದ ಮಾಯವಾಯಿತು.

ಕರ್ಪೂರದ ತಟ್ಟೆ ಹಿಡಿದುಕೊಂಡೇ ನಿಂತಿದ್ದ ರಾಮಾತಾಳ್ ಅವರು, “ಇದು ಎಳುತ್ತಾ ಮುರುಕ್ಕಾ?” ಎಂದು ಕೇಳಿದರು. ಚಂದ್ರಮ್ಮ ನಗುತ್ತ, “ಬನ್ನಿ ಅಮ್ಮ, ನೀವೂ ಒಂದು ಸುತ್ತಿ” ಎಂದಳು. “ನನಗ್ಯಾಕೆ, ಕಣ್ಣು, ಇನ್ಮೇಲೆ ಎಳುತ್ತು, ಸ್ಮಶಾನದಲ್ಲಿ ಓದಾಕಾ?” ಎನ್ನುತ್ತಲೇ ತಟ್ಟೆ ಕೆಳಗಿಟ್ಟು ಕುಕ್ಕರುಗಾಲಲ್ಲಿ ಕೂತರು. ಎರಡು ಸಲ ಚಕ್ಕುಲಿಯೇ ಆಯಿತು. ಮೂರನೆಯದು ಆಯಿತು. ಇದು ಯಾವುದರ ಅಕ್ಷರವೆಂದು ಕೇಳಿದರು. ‘ಅಮ್ಮ’ದ ಮೊದಲನೆಯದೆಂದು ಚಂದ್ರಮ್ಮ ಹೇಳಿದಳು. ಅವರು ಅದನ್ನೇ ನೋಡುತ್ತ, “ಎಷ್ಟು ವರ್ಸ ಕೂಗಿದೀನಿ. ಮೊಗ ಇವತ್ತು ನೋಡ್ದೆ” ಎಂದರು. ಆಮೇಲೆ, ಎಣ್ಣೆ ಕಾದಿದ್ದರೆ ಕರಿದುಬಿಡಬಹುದಿತ್ತು ಎಂದೂ ಸೇರಿಸಿದರು.

ಪಾಠ ಮುಗಿಯುವವರೆಗೂ ನಾನು ಮೇಜಿನ ಕೆಳಗಿನಿಂದ ಹೊರಬರಲಿಲ್ಲ. ಹೊರಬರುವ ದಾರಿಯಲ್ಲಿ ತರಗತಿ ಇತ್ತು. ಅಲುಗಾಡಿದರೆ ಕಾಲು ತಾಗಿ ಚಾರ್ಜರು ಕಳಚೀತೆಂದು, ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಅಲ್ಲಿಂದ ನನಗೆ ಅವಳ ಮುಖ ಕಾಣಿಸುತ್ತಿರಲಿಲ್ಲ, ದನಿ ಮಾತ್ರ ಕೇಳಿಸುತ್ತಿತ್ತು. ಒಂದನೆಯ ತರಗತಿಯ ಬಾಗಿಲ ಹೊರಗೆ ಅವಳಿಗಾಗಿ ಕಾಯುತ್ತ ನಿಂತಾಗ ಕೇಳಿಸುತ್ತಿದ್ದ ದನಿ ಅದು. ಅಷ್ಟು ಹೊತ್ತು ಅಲ್ಲಿ ಮಲಗಿದ್ದರಲ್ಲಿ ನನಗೆ ವಿಶೇಷ ತೊಂದರೆಯೇನೂ ಆಗಲಿಲ್ಲವೆಂದು ದಾಖಲಿಸುತ್ತೇನೆ.

ಇಲ್ಲಿಯವರೆಗೆ ಓದಿ ತಾವು ಬೀಗಬಾರದು. ನನ್ನ ನಿಜವಾದ ದೂರು ಈಗ ಆರಂಭವಾಗುತ್ತದೆ. ಅಂದೇ ಮಧ್ಯಾಹ್ನ, ತಣ್ಣನೆಯ ತಲೆಯಿಂದ, ಗಂಧ ಒರೆಸಿ, ಟೇಪು ಸುತ್ತಿ, ತಮ್ಮನ್ನು ಜಾಲರಿ ತಟ್ಟೆಗೆ ಏರಿಸಲು ಹೊರಟಾಗ ಚಂದ್ರಮ್ಮ ತಡೆದಳು. “ಎಲ್ಲಾ ಕಟ್ಟಿಬಿಟ್ರೆ ಮುಂದಿನ ವಾರ ‘ಆ’, ‘ಇ’ ಯಾವುದರಲ್ಲಿ ಬರೆಯೋದು? ಮಕ್ಕಳೂ ಕಾಯ್ತಿರ್ತಾರೆ. ಒಂದಿಷ್ಟು ದಿನ ಹಾಗೇ ಇರಲಿ” ಎಂದಳು. ಬಾಳೆಲೆ ಹೋಗಿ ಚಾಪೆ ಬಂದಿದೆ. ತಾವು ಹಜಾರದ ಮಧ್ಯದಲ್ಲಿ ಅದರ ಮೇಲೆ ಒರಗಿದ್ದೀರಿ. ದಾಟಿ ಓಡಾಡುವವರು ನಾವು. ನನ್ನ ಜಾಲರಿ ತಟ್ಟೆ ಮೇಜಿನಡಿಯಲ್ಲಿ ಖಾಲಿ ತೂಗುತ್ತಿದೆ. ಕಂಪ್ಯೂಟರಿಗೆ ಕರೆಂಟಿಲ್ಲದ್ದರಿಂದ ಈ ಪತ್ರವನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ಹಿಂದೆ ತಾವು ಕೇವಲ ಗೋಜಲಾಗಿದ್ದಿರಿ, ಬಿಡಿಸುವ ಹಕ್ಕಾದರೂ ನನಗಿತ್ತು. ಈಗ ತಾವು ಬೋಧನೋಪಕರಣವಾಗಿದ್ದೀರಿ, ಆ ಹಕ್ಕೂ ಹೋಯಿತು.

ಬಿಗಿಯಾಗಿ ನೆಟ್ಟಗೆ ಎಳೆದ ವೈರಿನಿಂದ ನಮ್ಮ ಭಾಷೆಯ ಒಂದೇ ಒಂದು ಅಕ್ಷರವೂ ಆಗುವುದಿಲ್ಲವೆಂಬ ಸಂಗತಿ, ವೈರುಗಳನ್ನು ನೆಟ್ಟಗೆ ಮಾಡುವುದರಲ್ಲೇ ಆಯಸ್ಸು ಕಳೆದವನಿಗೆ ಈ ವಯಸ್ಸಿನಲ್ಲಿ ತಿಳಿದದ್ದು ತುಸು ತಡವಾಯಿತು. ಒಪ್ಪಿಕೊಳ್ಳುತ್ತೇನೆ. ಆದರೂ ಕೆಲವು ಸಣ್ಣಪುಟ್ಟ ಕೋರಿಕೆಗಳಿವೆ. ವಾರದ ಪಾಠ ಮುಗಿದ ಮೇಲೆ ತಾವು ತಾವಾಗಿಯೇ ಸುರುಳಿ ಸುತ್ತಿಕೊಂಡು, ಉದ್ದದ ಪ್ರಕಾರ ಸಾಲಾಗಿ ಮಲಗುವ ಪದ್ಧತಿಯನ್ನು ರೂಢಿಸಿಕೊಳ್ಳಬೇಕು. ಚಾರ್ಜರವರು ಪಾಠದ ವೇಳೆಗಷ್ಟೇ ಎರಡು ಮೊಳ ಬೆಳೆದು, ಮೇಡಂ ಅವರನ್ನು ಕುರ್ಚಿಯ ಮೇಲೆ ಕೂರಗೊಟ್ಟು, ಮುಗಿದ ಮೇಲೆ ಕುಗ್ಗತಕ್ಕದ್ದು. ಅಡಾಪ್ಟರುಗಳು ತಂತಮ್ಮ ವೋಲ್ಟನ್ನು ಕೇಳಿದಾಗ ಬಾಯಿಬಿಟ್ಟು, ಸಾಧ್ಯವಾದರೆ ಕನ್ನಡದಲ್ಲಿ, ಹೇಳಬೇಕು. ಕತ್ತಲೆಯಲ್ಲಿ ಪರಸ್ಪರ ಗಂಟುಬೀಳುವ ಅಭ್ಯಾಸವನ್ನು ಪೂರ್ತಿ ಬಿಡಲಾಗದಿದ್ದರೆ, ಆ ಗಂಟುಗಳೆಲ್ಲ ಮುಂದಿನ ಪಾಠದ ಅಕ್ಷರದ ಆಕಾರದಲ್ಲಿಯೇ ಬೀಳುವಂತೆ ನೋಡಿಕೊಂಡರೆ ನಮಗೆ ಎಷ್ಟೋ ಶ್ರಮ ಉಳಿಯುತ್ತದೆ. ನನ್ನ ಪಂಚೆಯ ಮೇಲಿನ ಕುಂಕುಮದ ಕಲೆಯನ್ನು ಮಾತ್ರ ತೆಗೆಯಬೇಕಾಗಿಲ್ಲ. ತೊಳೆಯಲು ಹಾಕಬೇಡವೆಂದು ನಾನೇ ಹೇಳಿದ್ದೇನೆ.

ತಮ್ಮ ಉತ್ತರಕ್ಕಾಗಿ ಕಾದಿರುವ, ತಮ್ಮನ್ನು ಎಡವಿಯೂ ಗೌರವಿಸುವ,

ತಮ್ಮ ವಿಶ್ವಾಸಿ,
ರಾಮಮೂರ್ತಿ

ಮರೆತ ಮಾತು: ಎಲ್ಲಿಗೂ ಸೇರದ ಆ ಮಹನೀಯರು ಈಗ ತಮ್ಮ ಸಭೆಯಲ್ಲಿಲ್ಲದಿರುವುದನ್ನು ಗಮನಿಸಿರಬಹುದು. ರಾಮಾತಾಳ್ ಅವರು ಅಭ್ಯಾಸ ಮಾಡಲೆಂದು ಮೇಲಕ್ಕೆ ಒಯ್ದಿದ್ದಾರೆ. ಅಲ್ಲಿಯ ಕ್ಯಾಲೆಂಡರಿನ ಮೊಳೆಯಲ್ಲಿ ಮಹನೀಯರಿಗೆ ಖಾಯಂ ನೇಮಕಾತಿಯಾಗಿದೆ. ವಾಪಸು ಕೊಡುತ್ತಾರೇನೋ ಎಂದು ನಿನ್ನೆ ಹೋಗಿ ವಿಚಾರಿಸಿದೆ. “‘ಅ’ ಬಂದ್ಬಿಡ್ತು ಸಾರ್, ಇನ್ನೂ ‘ಮ್ಮ’ ಬರ್ಬೇಕು. ಅದಕ್ಕೆ ಇದು ಸಾಲಲ್ಲ. ನಿಮ್ಮಲ್ಲಿರೋದ್ರೊಳಗೆ ಎಲ್ಲಕ್ಕಿಂತ ಉದ್ದಾನೆ ಒಂದು ಕೊಡಿ” ಎಂದರು. ಅಳತೆಪಟ್ಟಿ ಹಿಡಿದು ಅಳೆದು ನೋಡಿದೆ. ಅಧ್ಯಕ್ಷರೇ, ಎಲ್ಲಕ್ಕಿಂತ ಉದ್ದದ ವೈರು ತಮ್ಮದೇ. ಇದನ್ನೇ ವರ್ಗಾವಣೆಯ ಆದೇಶವೆಂದು ತಿಳಿದು, ಇಂದು ಸಂಜೆಯೊಳಗೆ ಅಧಿಕಾರವನ್ನು ಉಪಾಧ್ಯಕ್ಷರಿಗೆ ವಹಿಸಿ, ಹಾರ ಕಳಚಿಟ್ಟು ಮೇಲಿನ ಮಹಡಿಯಲ್ಲಿ ಹಾಜರಾಗತಕ್ಕದ್ದು.